ಇಟೆನ್ ಎಂಬ ಓಟಗಾರರ ಊರು

ಪೂರ್ವ ಆಫ್ರಿಕದ ಕೀನ್ಯಾ ದೇಶದಲ್ಲಿ, ಭೂಮಧ್ಯರೇಖೆಗೆ ತುಸು ಉತ್ತರಕ್ಕೆ, ಇಟೆನ್ ಎಂಬುದೊಂದು ಸಣ್ಣ ಊರು. ಸಮುದ್ರಮಟ್ಟದಿಂದ ಅದರ ಎತ್ತರ ಸುಮಾರು 2,400 ಮೀಟರು. ನೀಲಗಿರಿಯ ಉದಕಮಂಡಲಕ್ಕಿಂತಲೂ ಮಿಗಿಲು. ಎಲ್ಡೊರೆಟ್ ಪಟ್ಟಣದಿಂದ ಒಂದು ಗಂಟೆಯೊಳಗಿನ ಪ್ರಯಾಣ. ಊರಿನ ಬಾಗಿಲಲ್ಲಿ ನಿಂತ ಕಮಾನಿನ ಮೇಲೆ, ಇದು ವಿಜೇತರ ತವರೆಂಬ ಅರ್ಥದ ಇಂಗ್ಲಿಷ್ ಬರಹವಿದೆ. ಅದನ್ನು ದಾಟಿದರೆ ತಗಡಿನ ಮಾಡಿನ ಅಂಗಡಿಸಾಲು, ಜೋಳದ ಹೊಲಗಳು. ಪೂರ್ವದ ಅಂಚಿನಲ್ಲಿ ನೆಲವು ಥಟ್ಟನೆ ಕುಸಿದು, ಸಾವಿರಾರು ಅಡಿ ಕೆಳಗೆ ಕೆರಿಯೊ ಕಣಿವೆ ಮಂಜಿನಲ್ಲಿ ಮಲಗಿರುತ್ತದೆ. ಮಣ್ಣು ಕೆಂಪು. ಕಾಸರಗೋಡಿನ ಗುಡ್ಡೆಗಳ ಮುರಕಲ್ಲಿನ ಹುಡಿಯನ್ನು ಮೆಟ್ಟಿ ಬೆಳೆದ ನಮ್ಮ ಕಾಲಿಗೆ ಅದು ಹೊಸದೆನಿಸಲಿಲ್ಲ. ಆದರೆ ಹತ್ತು ಮೆಟ್ಟಿಲೇರಿದೊಡನೆ ಏದುಸಿರು ಬಂದಾಗ ಪರದೇಶವೆಂಬುದು ಅರಿವಾಯಿತು.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಊರ ಹೊರಗಿನ ಮಣ್ಣುರಸ್ತೆಯಲ್ಲಿ ನಿಂತರೆ ಇಟೆನ್ ಏನೆಂಬುದು ಕಾಣುತ್ತದೆ. ನೂರಾರು ಓಟಗಾರರು ಒಂದೇ ಗುಂಪಾಗಿ ಸೇರಿ, ಒಂದೆರಡು ನಿಮಿಷ ರಭಸದಿಂದಲೂ ಮತ್ತೊಂದು ನಿಮಿಷ ನಿಧಾನವಾಗಿಯೂ, ಏರು ತಗ್ಗುಗಳನ್ನು ಲೆಕ್ಕಿಸದೆ ಓಡುತ್ತಾರೆ. ಫಾರ್ಟ್ಲೆಕ್ ಎಂದು ಇದರ ಹೆಸರು. ವಿಶ್ವವಿಖ್ಯಾತರೂ ಹೆಸರಿಲ್ಲದವರೂ ಒಂದೇ ಧೂಳನ್ನು ಕುಡಿಯುತ್ತಾರೆ. ಅವರ ನಡುವೆ ನಮ್ಮಲ್ಲಿ ಹತ್ತನೆಯ ತರಗತಿಯಲ್ಲಿರಬೇಕಾದ ಪ್ರಾಯದ ಮಕ್ಕಳೂ ಕಂಡರು. ಹದಿನೈದರ ಆಸುಪಾಸಿನ ಹುಡುಗನೊಬ್ಬ ಗುಂಪಿನಿಂದ ಕಳಚಿ, ಮೊಣಕಾಲ ಮೇಲೆ ಕೈಯೂರಿ ಬಗ್ಗಿ ನಿಂತ; ಹಿಂದಿನ ಗುಂಪು ಬರುತ್ತಲೇ ಮತ್ತೆ ಅದರೊಳಗೆ ಸೇರಿಕೊಂಡ. ಯಾರೂ ಅವನತ್ತ ತಿರುಗಿ ನೋಡಲಿಲ್ಲ.

ಈ ಊರಿನ ಕೀರ್ತಿಗೆ ಮೂಲ ಸೇಂಟ್ ಪ್ಯಾಟ್ರಿಕ್ಸ್ ಪ್ರೌಢಶಾಲೆ. 1976ರಲ್ಲಿ ಐರ್ಲೆಂಡಿನಿಂದ ಬ್ರದರ್ ಕೋಮ್ ಓಕಾನೆಲ್ ಎಂಬವರು ಇಲ್ಲಿಗೆ ಭೂಗೋಳದ ಉಪಾಧ್ಯಾಯರಾಗಿ ಬಂದರು. ಓಟದ ತರಬೇತಿಯಲ್ಲಿ ಅವರಿಗೆ ಪೂರ್ವಶಿಕ್ಷಣವೇನೂ ಇರಲಿಲ್ಲ. ಅಲ್ಪಕಾಲಕ್ಕೆಂದು ಬಂದವರು ಅಲ್ಲಿಯೇ ನೆಲೆನಿಂತರು. 1988ರ ಸೋಲ್ ಒಲಿಂಪಿಕ್ಸಿನಲ್ಲಿ 1,500 ಮೀಟರು ಗೆದ್ದ ಪೀಟರ್ ರೊನೊ ಈ ಶಾಲೆಯ ವಿದ್ಯಾರ್ಥಿ. 2012ರಲ್ಲಿ ಲಂಡನಿನಲ್ಲಿ 800 ಮೀಟರನ್ನು 1 ನಿಮಿಷ 40.91 ಸೆಕೆಂಡಿನಲ್ಲಿ ಓಡಿ ವಿಶ್ವದಾಖಲೆ ಬರೆದ ಡೇವಿಡ್ ರುಡಿಶ ಇದೇ ಗುರುವಿನ ಶಿಷ್ಯ. ನಮಗೆ ಹೆಚ್ಚು ಹಿಡಿಸಿದ್ದು ಪದಕಗಳಲ್ಲ, ಎಳೆಯರೊಡನೆ ಆ ಗುರು ಅನುಸರಿಸಿದ ಕ್ರಮ. ರಜಾಕಾಲದ ಶಿಬಿರಗಳಲ್ಲಿ ಮಕ್ಕಳನ್ನು ಬಳಲಿಸದೆ, ಮೆಲುನಡಿಗೆಯ ಓಟ, ಹೆಜ್ಜೆಯ ಲಯ, ಮೈಯ ನಿಲುವು ಇವನ್ನೇ ತಿದ್ದುತ್ತ ಬಂದರು.

ಎಲ್ಲರಿಗೂ ಅಂಥ ಗುರು ಸಿಗುವನೇ? ಒಂದೆರಡು ಎಕರೆ ಜೋಳವನ್ನು ನಂಬಿದ ಮನೆಯಲ್ಲಿ ಹುಡುಗಿಯೊಬ್ಬಳ ಕಾಲು ಚುರುಕೆಂದು ಗೊತ್ತಾದ ದಿನವೇ ತಮ್ಮಂದಿರ ಶಾಲಾಶುಲ್ಕವೂ ಮನೆಯ ಮಾಡೂ ಆ ಕಾಲಿನ ಮೇಲೆ ಬಂದು ಕೂರುತ್ತವೆ. ಬೋಸ್ಟನ್ ಮ್ಯಾರಥಾನಿನ ಪ್ರಥಮ ಬಹುಮಾನ 1,50,000 ಡಾಲರು. ಆ ಸುದ್ದಿ ಇಟೆನಿನ ಮಗುವಿಗೂ ತಿಳಿದಿದೆ. ಕೇರಳದ ಶಾಲಾ ಕ್ರೀಡಾಕೂಟಗಳಲ್ಲಿ ಶಾಲೆಶಾಲೆಗಳ ಅಂಕಗಳ ಪೈಪೋಟಿಯನ್ನೂ ಗ್ರೇಸ್ ಮಾರ್ಕಿನ ಆಸೆಯನ್ನೂ ಕಂಡ ನಾವು ಇದನ್ನು ಬೇರೆಯವರ ಕಥೆಯೆಂದು ಹೇಳಲಾರೆವು, ಇಲ್ಲಿ ಪಣ ಮಾತ್ರ ದೊಡ್ಡದು.

1991ರಲ್ಲಿ ಆಂಟ್ವರ್ಪಿನ ವಿಶ್ವ ಕ್ರಾಸ್ ಕಂಟ್ರಿ ಕೂಟದ ಕಿರಿಯರ ಓಟವನ್ನು ಗೆದ್ದ ಲಿಡಿಯ ಚೆರೊಮೈಗೆ ಆಗ ವಯಸ್ಸು 13. 1993ರಲ್ಲಿ ಹಿರಿಯರ ನಡುವೆಯೇ 10,000 ಮೀಟರಿನಲ್ಲಿ ಕಂಚು ಪಡೆದ ಸ್ಯಾಲಿ ಬಾರ್ಸೊಸಿಯೊಗೆ 15; ನಾಲ್ಕು ವರ್ಷಗಳ ಮೇಲೆ ಅಥೆನ್ಸಿನಲ್ಲಿ ಆಕೆ ಚಿನ್ನವನ್ನೇ ಗೆದ್ದಳು. ಇವರ ಹೆಸರು ಉಳಿದುದು ಇವರು ಉಳಿದುದರಿಂದ. ಅದೇ ವಯಸ್ಸಿನಲ್ಲಿ ಎಲುಬು ಬಿರಿದು ಊರಿಗೆ ಮರಳಿದವರ ಪಟ್ಟಿಯನ್ನು ಯಾರೂ ಬರೆದಿಟ್ಟಿಲ್ಲ. ಬೆಳೆಯುವ ದೇಹ ಓಟಕ್ಕೆ ವೆಚ್ಚ ಮಾಡಿದಷ್ಟು ಶಕ್ತಿಯನ್ನು ಅನ್ನದಿಂದ ಮರಳಿ ಪಡೆಯದಿದ್ದರೆ ಹುಡುಗಿಯರಲ್ಲಿ ಮುಟ್ಟು ತಡವಾಗುತ್ತದೆ ಅಥವಾ ನಿಲ್ಲುತ್ತದೆ, ಮೂಳೆ ಸಪ್ಪೆಯಾಗುತ್ತದೆ. ಇದನ್ನು ವೈದ್ಯರು ಬಹುಕಾಲದಿಂದ ಹೇಳುತ್ತಿದ್ದಾರೆ. ಮ್ಯಾರಥಾನಿಗೆ 20 ವರ್ಷ ತುಂಬಿರಬೇಕೆಂಬ ಅಂತರರಾಷ್ಟ್ರೀಯ ನಿಯಮ ವ್ಯರ್ಥವಾಗಿ ಹುಟ್ಟಿದ್ದಲ್ಲ. 18ಕ್ಕಿಂತ ಕೆಳಗಿನವರ ವಿಶ್ವಕೂಟವಂತೂ 2017ರಲ್ಲಿ ಇದೇ ದೇಶದ ನೈರೋಬಿಯಲ್ಲಿ ಕಡೆಯ ಬಾರಿ ನಡೆದು ನಿಂತುಹೋಯಿತು. ನಿಂತದ್ದೇ ಲೇಸೆಂದು ನಮ್ಮ ಎಣಿಕೆ.

ಮಧ್ಯಾಹ್ನ ಉಗಾಲಿ ಉಂಡೆವು. ಜೋಳದ ಹಿಟ್ಟಿನ ಮುದ್ದೆ. ಸೊಪ್ಪಿನ ಪಲ್ಯದೊಡನೆ ಸೊಗಸು. ರಾಗಿಮುದ್ದೆ ಬಲ್ಲವರಿಗೆ ನುಂಗುವುದನ್ನು ಕಲಿಸಬೇಕಾಗಿಲ್ಲ.

ಇಟೆನಿನ ಬಗ್ಗೆ ಬರೆದು ಆಗ್ನೆಸ್ ಟಿರೊಪಳನ್ನು ನೆನೆಯದಿರಲಾಗದು. 2015ರಲ್ಲಿ ಚೀನದ ಗ್ವಿಯಾಂಗಿನಲ್ಲಿ, 19ರ ಹರೆಯದಲ್ಲಿ, ಆಕೆ ಹಿರಿಯ ಮಹಿಳೆಯರ ವಿಶ್ವ ಕ್ರಾಸ್ ಕಂಟ್ರಿ ಪ್ರಶಸ್ತಿಯನ್ನು ಗೆದ್ದಳು. 2021ರ ಸೆಪ್ಟೆಂಬರಿನಲ್ಲಿ ಮಹಿಳೆಯರೇ ಓಡುವ 10 ಕಿಲೋಮೀಟರಿನ ದಾಖಲೆಯನ್ನು 30 ನಿಮಿಷ 1 ಸೆಕೆಂಡಿಗೆ ಇಳಿಸಿದಳು. ಮುಂದಿನ ತಿಂಗಳು ಈ ಊರಿನ ತನ್ನ ಮನೆಯಲ್ಲಿಯೇ ಕೊಲೆಯಾದಳು. ಆಗ ಆಕೆಗೆ 25 ವರ್ಷ. ಆರೋಪ ಗಂಡನ ಮೇಲೆ ಬಂತು. ಚಿಕ್ಕಂದಿನಲ್ಲೇ ಗೆದ್ದು ಹಣ ತರುವ ಹುಡುಗಿಯರ ಸುತ್ತ ರಕ್ಷಕರ ವೇಷದಲ್ಲಿ ಎಂಥವರು ನೆರೆಯುತ್ತಾರೆಂಬುದನ್ನು ಅಲ್ಲಿನ ಓಟಗಾರ್ತಿಯರು ಆಗ ಬಾಯಿಬಿಟ್ಟು ಹೇಳತೊಡಗಿದರು. ಅವಳ ಹೆಸರಿನಲ್ಲಿ ಅವರೇ ಕಟ್ಟಿದ ಸಂಸ್ಥೆ ಟಿರೊಪ್ಸ್ ಏಂಜೆಲ್ಸ್. ಹೊಡೆತ ತಿಂದವಳು, ದುಡಿದ ಹಣ ಕಳೆದುಕೊಂಡವಳು ಬಾಗಿಲು ತಟ್ಟಲೆಂದು ಅದು ಹುಟ್ಟಿಕೊಂಡಿದೆ.