ಹಲ್ಲು ಕ್ಲೀನ್ ಮಾಡೋಳು ಅನ್ಬೇಡಿ ಕಣ್ರವ್ವ

ಹೋದ ತಿಂಗಳು ನಮ್ಮಕ್ಕನ ಮಗಳನ್ನ ನೋಡೋಕೆ ಹುಣಸೂರು ಕಡೆಯಿಂದ ಗಂಡಿನೋರು ಬಂದಿದ್ರು. ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲಾ ಆಯ್ತು. ಹುಡುಗನ ದೊಡ್ಡವ್ವ ಎಲೆಅಡಿಕೆ ಹಾಕ್ಕೊಂಡು ನಿಧಾನಕ್ಕೆ ಕೇಳಿದ್ರು, "ಏನ್ ಕೆಲ್ಸ ಮಾಡ್ತೀಯವ್ವಾ?"

"ಡೆಂಟಲ್ ಹೈಜೀನಿಸ್ಟ್ ಅಂತ, ಮೈಸೂರಲ್ಲಿ."

"ಅಂಗಂದ್ರೆ ಡಾಕ್ಟ್ರಾ?"

"ಅಲ್ಲ."

"ನರ್ಸಮ್ಮನಾ?"

"ಅದೂ ಅಲ್ಲ."

ಅಷ್ಟೊತ್ತಿಗೆ ನಮ್ಮಕ್ಕ ಅವಸರಕ್ಕೆ ಬಿದ್ದು, "ಹಲ್ಲು ಕ್ಲೀನ್ ಮಾಡ್ತಾಳೆ ಕಣ್ರವ್ವ" ಅಂದ್ಬುಟ್ಲು. ಪಾತ್ರೆ ತೊಳೀತಾಳೆ ಅಂದಂಗೆ ಕೇಳಿಸ್ತು. ಕೂಸಿನ ಮುಖ ಸಪ್ಪಗಾಯ್ತು. ಪಿಯುಸಿ ಸೈನ್ಸ್ ಮುಗಿಸಿ, ಮೇಲೆ ಎರಡು ವರ್ಷ ಡಿಪ್ಲೊಮಾ ಓದಿ, ದಿನಾ ಬೆಳಿಗ್ಗೆ ನಮ್ಮ ಕೆ.ಆರ್. ನಗರದ ಸ್ಟೇಷನ್ನಲ್ಲಿ ಟ್ರೈನ್ ಹತ್ತಿ ಮೈಸೂರಿಗೆ ಹೋಗಿ ಬರೋಳು ಅವಳು. ಅವಳ ಕೆಲಸಕ್ಕೆ ಒಂದು ಹೆಸರಿದೆ. ಆ ಹೆಸರು ನಮ್ಮ ಮನೆಯೋರ ಬಾಯಲ್ಲೇ ಹೊರಳಲ್ಲ.

ಆ ಕೆಲಸ ಏನು ಅನ್ನೋದು ನನಗೂ ತಿಳಿದದ್ದು ನನ್ನ ಬಾಯಿ ಕೆಟ್ಟಾಗಲೇ. ನಮ್ಮವ್ವನ ಕಾಲಕ್ಕೆ ಬೇವಿನ ಕಡ್ಡಿ, ಇದ್ದಿಲು, ಉಪ್ಪು. ನಮ್ಮ ಕಾಲಕ್ಕೆ ಗುಲಾಬಿ ಬಣ್ಣದ ನಂಜನಗೂಡು ಹಲ್ಲುಪುಡಿ. ಬ್ರಷ್ ಬಂದಮೇಲೂ ಸೌದೆ ಉಜ್ಜಿದಂಗೆ ಅಡ್ಡಡ್ಡ ಉಜ್ಜಿದೋಳು ನಾನು. ವಸಡಲ್ಲಿ ರಕ್ತ ಬಂದ್ರೆ ಉಷ್ಣ ಅಂತ ಮಜ್ಜಿಗೆ ಕುಡಿದು ಸುಮ್ಮನಿರ್ತಿದ್ದೆ. ಕ್ಲೀನ್ ಮಾಡಿಸಿದ್ರೆ ಹಲ್ಲು ಅಲ್ಲಾಡ್ತವೆ ಅಂತ ಎಲ್ಲರೂ ಹೇಳೋರು, ಅದಕ್ಕೇ ಹೆದರಿಕೆ.

ಕೂಸು ಒಂದಿನ ಕನ್ನಡಿ ಮುಂದೆ ಕೂರಿಸಿ ತೋರಿಸಿದ್ಲು. "ಚಿಕ್ಕವ್ವ, ಬಿಂದಿಗೆ ತಳದಲ್ಲಿ ಉಪ್ಪುನೀರಿನ ಬಿಳಿ ಕರೆ ಕಟ್ಟಲ್ವಾ? ಹಲ್ಲಿನ ಬುಡದಲ್ಲೂ ಹಂಗೇ ಕಟ್ಟಿದೆ. ಬ್ರಷ್ಗೆ ಅದು ಬರಲ್ಲ. ಅದರ ಮೇಲೆ ಕ್ರಿಮಿ ಕೂತು ವಸಡು ಊದಿಸ್ತವೆ, ನಿಧಾನಕ್ಕೆ ಹಲ್ಲು ಹಿಡ್ಕೊಂಡಿರೋ ಮೂಳೆಯನ್ನೂ ಕರಗಿಸ್ತವೆ. ಕ್ಲೀನ್ ಮಾಡಿದ್ಮೇಲೆ ಅಲ್ಲಾಡೋ ಹಲ್ಲು ಮೊದಲೇ ಸಡಿಲ ಆಗಿತ್ತು. ಆ ಕರೆ ಗಾರೆ ಥರ ಹಿಡ್ಕೊಂಡಿತ್ತು, ಅಷ್ಟೆ." ಡಾಕ್ಟ್ರು ನೋಡಿ ಹೇಳಿದಮೇಲೆ ಎರಡು ಸಲ ಕೂರಿಸಿ ಕ್ಲೀನ್ ಮಾಡಿದ್ಲು. ಮೆತ್ತನೆ ಬ್ರಷ್ ಕೊಟ್ಟು, ವಸಡಿನ ಅಂಚಿಗೆ ಓರೆಯಾಗಿ ಇಟ್ಟು ಸಣ್ಣಕೆ ಆಡಿಸು, ಬೆಳಿಗ್ಗೆ ಎರಡು ನಿಮಿಷ, ಮಲಗೋಕೆ ಮುಂಚೆ ಎರಡು ನಿಮಿಷ ಅಂತ ಕೈ ಹಿಡಿದು ಕಲಿಸಿದ್ಲು. ಎರಡೇ ವಾರಕ್ಕೆ ರಕ್ತ ನಿಂತ್ಹೋಯ್ತು. ಬಾಯಿ ಸಡಿಲ ಆಗೋಕೆ ಮುಂಚೆ ಕಾಯೋ ಕೆಲಸ ಇದು. ಹುಳುಕು ತುಂಬೋದು, ಹಲ್ಲು ಕೀಳೋದು ಡಾಕ್ಟ್ರ ಕೆಲಸ.

ಗಂಡಿನೋರು ಹೋದಮೇಲೆ ಕೂಸು ಹಿತ್ತಲ ಕಟ್ಟೆ ಮೇಲೆ ಕೂತಿದ್ಲು. ಸಮಾಧಾನ ಮಾಡೋಕೆ ಹೋದ ನನಗೆ ತನ್ನ ಕಸುಬಿನ ಕಥೆ ಹೇಳಿದ್ಲು. ನಿಮಗೂ ಹೇಳ್ತೀನಿ.

ನಂಜನಗೂಡಿನಲ್ಲಿ ಬಿ.ವಿ. ಪಂಡಿತರು ಸದ್ವೈದ್ಯಶಾಲೆ ಶುರು ಮಾಡಿದ್ದು 1913ರಲ್ಲಿ. ನಮ್ಮ ಹಲ್ಲುಪುಡಿ ಅಲ್ಲಿಯದೇ. ಅದೇ 1913ರಲ್ಲಿ ಅಮೆರಿಕದ ಬ್ರಿಡ್ಜ್‌ಪೋರ್ಟ್ ಅನ್ನೋ ಊರಲ್ಲಿ ಆಲ್‌ಫ್ರೆಡ್ ಫೋನ್ಸ್ ಅನ್ನೋ ಹಲ್ಲಿನ ಡಾಕ್ಟ್ರು ತಮ್ಮ ಕಾರಿನ ಶೆಡ್ಡಲ್ಲೇ ಬೆಂಚು ಹಾಕಿ, ಹೆಣ್ಣುಮಕ್ಕಳಿಗೆ ಈ ವಿದ್ಯೆ ಕಲಿಸೋ ಮೊದಲನೇ ಸ್ಕೂಲು ತೆಗೆದ್ರಂತೆ. ಅದಕ್ಕೂ ಮುಂಚೆ, 1906ರಲ್ಲಿ, ತಮ್ಮ ಹತ್ರ ಕೆಲಸಕ್ಕಿದ್ದ ಸಂಬಂಧಿಕರ ಹುಡುಗಿ ಐರೀನ್ ನ್ಯೂಮನ್‌ಗೆ ಕಲಿಸಿ ನೋಡಿದ್ರು. ಮೊದಲ ಬ್ಯಾಚಲ್ಲಿ 27 ಜನ ಪಾಸಾಗಿ, ಸುಮಾರು ಜನ ಆ ಊರಿನ ಸ್ಕೂಲುಗಳಿಗೆ ಹೋಗಿ ಮಕ್ಕಳ ಹಲ್ಲು ನೋಡೋ ಕೆಲಸಕ್ಕೆ ಸೇರಿದ್ರು.

ಹೆಣ್ಣುಮಕ್ಕಳನ್ನೇ ಯಾಕೆ ಆರಿಸಿದ್ರು ಗೊತ್ತಾ? ಗಂಡಸಾದ್ರೆ ಇಷ್ಟಕ್ಕೇ ನಿಲ್ಲಲ್ಲ, ಹೆಂಗಸಾದ್ರೆ ಇದೊಂದೇ ಕೆಲಸ ಮಾಡ್ಕೊಂಡು ಇರ್ತಾಳೆ ಅನ್ನೋದು ಅವರ ಲೆಕ್ಕ. ಇದನ್ನ ಹೇಳಿ ಕೂಸು ನಕ್ಕಳು, ನಾನೂ ನಕ್ಕೆ. ಆ ಹೆಂಗಸರು ಅಷ್ಟಕ್ಕೇ ಸುಮ್ಮನೆ ಕೂರಲಿಲ್ಲ. ಪಾಸಾದ ವರ್ಷವೇ, 1914ರಲ್ಲಿ, ತಮ್ಮ ರಾಜ್ಯ ಕನೆಕ್ಟಿಕಟ್‌ನಲ್ಲಿ ಸಂಘ ಕಟ್ಟಿದ್ರು. ಅದೇ ಐರೀನ್ ನ್ಯೂಮನ್ ಅಧ್ಯಕ್ಷೆ. 1917ರಲ್ಲಿ ಸರ್ಕಾರದ ಲೈಸೆನ್ಸ್ ಪಡೆದ ಮೊದಲನೇ ಹೈಜೀನಿಸ್ಟೂ ಅವಳೇ. 1923ರಲ್ಲಿ ಬೇರೆ ಬೇರೆ ರಾಜ್ಯದೋರು ಕ್ಲೀವ್‌ಲ್ಯಾಂಡ್‌ನಲ್ಲಿ ಸೇರಿ ಇಡೀ ಅಮೆರಿಕಕ್ಕೆ ಒಂದು ಸಂಘ ಮಾಡ್ಕೊಂಡ್ರು. ಡಾಕ್ಟ್ರುಗಳ ಸಂಘದ ಒಂದು ಮೂಲೇಲಿ ಕೂರದೆ, ತಮ್ಮದೇ ಹೆಸರು, ತಮ್ಮದೇ ಅಧ್ಯಕ್ಷೆ.

ಸಂಘ ಅಂದ್ರೇನು ಅಂತ ನಮಗೆ ಯಾರೂ ಹೇಳ್ಕೊಡಬೇಕಾಗಿಲ್ಲ. 2000ದಲ್ಲಿ ಸ್ತ್ರೀಶಕ್ತಿ ಬಂದಾಗ ನಮ್ಮ ಬೀದೀಲೂ ಒಂದು ಸಂಘ ಆಯ್ತಲ್ಲ, ನೆನಪಿದೆಯಾ? ಮೊದಲು ಪುಸ್ತಕ ಬರೆಯೋಕೆ ಯಾರದೋ ಮನೆ ಯಜಮಾನರನ್ನ ಕರೀತಿದ್ವಿ. ದುಡ್ಡು ನಮ್ಮದು, ಕೂತ್ಕೊಂಡೋರು ನಾವು, ಆದ್ರೆ ಯಾರಿಗೆ ಸಾಲ ಅನ್ನೋದು ಅವರ ಬಾಯಿಂದ ಬರೋದು. ಅವರೇನು ಕೆಟ್ಟೋರಲ್ಲ, ಲೆಕ್ಕದಲ್ಲಿ ಒಂದು ರೂಪಾಯಿ ಆಕಡೆ ಈಕಡೆ ಮಾಡಲಿಲ್ಲ. ಆದ್ರೂ ಎಂಟನೇ ಕ್ಲಾಸು ಓದಿದ್ದ ನಮ್ಮ ಪಕ್ಕದ ಮನೆಯೋಳು ಪೆನ್ನು ಹಿಡಿದ ವಾರದಿಂದ ನಮ್ಮ ಮಾತೇ ಬದಲಾಯ್ತು. ಹೆರಿಗೆಗೆ ಸಾಲ ಬೇಕು ಅಂತ ಕೇಳೋಕೆ ಆಮೇಲೆ ಯಾರೂ ನಾಚ್ಕೊಳ್ಳಲಿಲ್ಲ.

ಕೂಸಿನ ಕಸುಬಿಗೆ ನಮ್ಮ ದೇಶದಲ್ಲಿ ಇದೇ ಕಥೆ. 1948ರ ದಂತವೈದ್ಯರ ಕಾಯ್ದೆಯಲ್ಲೇ ಹೈಜೀನಿಸ್ಟ್ ಅಂದ್ರೆ ಯಾರು ಅಂತ ಬರೆದಿದ್ದಾರೆ: ಡಾಕ್ಟ್ರಲ್ಲದೆ ಹಲ್ಲಿನ ಕರೆ ತೆಗೆದು, ಶುಚಿ ಮಾಡಿ, ಹೊಳಪು ಕೊಡೋರು, ಬಾಯಿ ಶುಚಿಯಾಗಿ ಇಟ್ಕೊಳ್ಳೋದನ್ನ ಹೇಳ್ಕೊಡೋರು. ಅವರಿಗೆ ಬೇರೆ ರಿಜಿಸ್ಟರ್ರೂ ಇಟ್ಟರು. ಸ್ವಾತಂತ್ರ್ಯ ಬಂದ ಮರುವರ್ಷವೇ ಕಾಯ್ದೆಯಲ್ಲಿ ಹೆಸರು ಬಂತು ಅಂದ್ರೆ ಸಣ್ಣ ಮಾತಲ್ಲ. ಆದ್ರೆ ಆ ಕಾಯ್ದೆ ಪ್ರಕಾರ ನಿಯಮ ಮಾಡೋ ಕೌನ್ಸಿಲ್‌ಗೆ ಮತ ಹಾಕಿ ಕಳಿಸೋ ಹಕ್ಕು ದಂತವೈದ್ಯರಿಗಿತ್ತು, ಕಾಲೇಜಿನ ಮುಖ್ಯಸ್ಥರಿಗಿತ್ತು, ವಿಶ್ವವಿದ್ಯಾಲಯಗಳಿಗಿತ್ತು. ಹೈಜೀನಿಸ್ಟ್‌ಗಳಿಗೆ ಅಂತ ಒಂದು ಕುರ್ಚಿ ಇರಲಿಲ್ಲ. ಪುಸ್ತಕದಲ್ಲಿ ಹೆಸರು ಇವರದು, ಪೆನ್ನು ಬೇರೆಯೋರ ಕೈಲಿ. 2023ರಲ್ಲಿ ಅದರ ಬದಲಿಗೆ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಪಾರ್ಲಿಮೆಂಟಲ್ಲಿ ಪಾಸಾಯ್ತು.

ಪೆನ್ನು ಇಲ್ಲದಿದ್ರೆ ಏನಾಯ್ತದೆ ಅಂತ ಅವಳ ಮೊದಲನೇ ಕೆಲಸದಲ್ಲೇ ಗೊತ್ತಾಯ್ತು. ಆ ಕ್ಲಿನಿಕ್ಕಿನ ಹೆಸರು ಬೇಡ. ಒಬ್ಬರ ಬಾಯಿ ಸರಿಯಾಗಿ ನೋಡಿ, ಕ್ಲೀನ್ ಮಾಡಿ, ಹೇಳ್ಕೊಡೋಕೆ ಅರ್ಧ ಗಂಟೆ ಬೇಕು ಅಂತ ಇವಳು ಓದಿದ್ಲು. ಅಲ್ಲಿ ಹತ್ತು ನಿಮಿಷಕ್ಕೆ ಮುಗಿಸು ಅನ್ನೋರು. ಮಧ್ಯೆ ಬಿಲ್ ಬರೀಬೇಕು, ಫೋನ್ ಎತ್ತಬೇಕು, ನೆಲ ಒರೆಸೋಳು ಬರದಿದ್ರೆ ಅದನ್ನೂ ಮಾಡಬೇಕು. "ಕಡ್ಡಿಪುಡಿ ಹಾಕೋ ಒಬ್ಬ ಅಜ್ಜಿ ಬಂದಿದ್ರು ಚಿಕ್ಕವ್ವ. ಕೆನ್ನೆ ಒಳಗೆ ಬಿಳೀ ಮಚ್ಚೆ ಇತ್ತು. ಡಾಕ್ಟ್ರಿಗೆ ತೋರಿಸಬೇಕು, ಪುಡಿ ಬುಡಿ ಅಂತ ಕೂತು ಹೇಳ್ಬೇಕು ಅನ್ನೋಷ್ಟರಲ್ಲಿ ಮುಂದಿನೋರನ್ನ ಕೂರಿಸ್ಬುಟ್ರು." ಹೊರಗೆ ಓಡಿ ಹೋಗಿ ಬಸ್ ಸ್ಟಾಪಲ್ಲಿ ಆ ಅಜ್ಜಿನ ಹಿಡಿದು ವಾಪಸ್ ಕರ್ಕೊಂಡು ಬಂದು ತೋರಿಸಿದ್ಲಂತೆ. ಅದಕ್ಕೂ ಬೈಸ್ಕೊಂಡ್ಲು. ಇದು ಸರಿಯಲ್ಲ ಅಂತ ಯಾರ ಹತ್ರ ಹೇಳೋದು? ಅವಳ ಪರವಾಗಿ ಮಾತಾಡೋಕೆ ಅವಳಿಗೆ ಗೊತ್ತಿದ್ದೋರು ಒಬ್ಬರೂ ಇರಲಿಲ್ಲ. ಸೀರೆ ಅಂಗಡಿ ಕೌಂಟರ್ರಿಗೆ ಸೇರ್ಕೋತೀನಿ ಅಂತ ಆವಾಗ ಅತ್ತಿದ್ಲು. ಪುಣ್ಯಕ್ಕೆ ಈಗಿರೋ ಡಾಕ್ಟ್ರಮ್ಮ ಇವಳ ಮಾತು ಕೇಳ್ತಾರೆ. ಆದ್ರೆ ಪುಣ್ಯದ ಮೇಲೆ ಕಸುಬು ನಡೆಸೋಕಾಯ್ತದಾ?

ಬೇರೆ ಕಡೆ ಹೆಂಗಿದೆ ಅಂತ ಕೆನಡಾದ ಬ್ರಾಂಪ್ಟನ್ನಲ್ಲಿರೋ ನಮ್ಮ ನಾದಿನಿ ಮಗಳನ್ನ ಫೋನಲ್ಲಿ ಕೇಳಿದೆ. ಅದು ಒಂಟಾರಿಯೊ ರಾಜ್ಯ. ಅಲ್ಲಿ ಹೈಜೀನಿಸ್ಟ್‌ಗಳಿಗೆ 1991ರಲ್ಲೇ ಬೇರೆ ಕಾಯ್ದೆ ಮಾಡಿ, ಲೈಸೆನ್ಸ್ ಕೊಡೋದು, ತಪ್ಪು ಮಾಡಿದ್ರೆ ಕಿತ್ಕೊಳ್ಳೋದು, ಎರಡನ್ನೂ ಅವರದೇ ಮಂಡಳಿಗೆ ಒಪ್ಪಿಸಿದ್ರು. 2007ರಿಂದ, ಅರ್ಹತೆ ಇದ್ದೋರು ಡಾಕ್ಟ್ರ ಅಪ್ಪಣೆಗೆ ಕಾಯದೆ ತಾವೇ ಕ್ಲಿನಿಕ್ ಇಟ್ಕೊಂಡು ಹಲ್ಲು ಕ್ಲೀನ್ ಮಾಡಬಹುದು. ವಯಸ್ಸಾದೋರ ಮನೆಗೇ ಸಾಮಾನು ತಗೊಂಡು ಹೋಗೋರೂ ಇದ್ದಾರಂತೆ. ಅಮೆರಿಕದ ಕೊಲರಾಡೊದಲ್ಲಿ 1986ರಲ್ಲೇ ಇಂಥ ಕಾಯ್ದೆ ಬಂತು.

ನನಗೆ ಹಿಡಿಸಿದ್ದು ಇನ್ನೊಂದು. ಅಲ್ಲಿ ಮಂಡಳಿ ಬೇರೆ, ಸಂಘ ಬೇರೆ. ಮಂಡಳಿ ಕಾಯೋದು ರೋಗಿಯನ್ನ, ಸಂಘ ಕಾಯೋದು ಕಸುಬಿನೋರನ್ನ. ಎರಡೂ ಬೇಕು. ಬರೀ ಸಂಘ ಇದ್ರೆ ನಮ್ಮೋರು ಮಾಡಿದ್ದೆಲ್ಲಾ ಸರಿ ಅಂದ್ಬುಡ್ತೀವಿ. ಬರೀ ಮಂಡಳಿ ಇದ್ರೆ ನಮ್ಮ ಕಷ್ಟ ಕೇಳೋರಿರಲ್ಲ.

ಡಾಕ್ಟ್ರುಗಳ ಮಾತಲ್ಲೂ ನ್ಯಾಯ ಇದೆ. ಬಾಯಿ ಒಳಗಿನ ಗಂಟು, ಹುಣ್ಣು ಏನು ಅಂತ ತೀರ್ಮಾನ ಮಾಡೋಕೆ ಅವರ ಓದೇ ಬೇಕು, ಎರಡು ವರ್ಷದ ಡಿಪ್ಲೊಮಾ ಸಾಲದು. ನಮ್ಮ ಕರ್ನಾಟಕದಲ್ಲಿ ದಂತ ಕಾಲೇಜುಗಳೇ ನಲವತ್ತರ ಮೇಲಿವೆ. ಕೆಲಸ ಹುಡುಕೋ ಹುಡುಗ ಡಾಕ್ಟ್ರುಗಳು ತಾವೇ ಹಲ್ಲು ಕ್ಲೀನ್ ಮಾಡ್ತಾರೆ. ಇವಳಂಥೋರಿಗೆ ಜಾಗ ಸಿಗೋದೇ ಕಷ್ಟ. ಕೂಸೇನು ನಾಳೆಗೇ ಬೋರ್ಡು ಹಾಕ್ಬೇಕು ಅಂತಿಲ್ಲ. "ಡಾಕ್ಟ್ರ ಜೊತೆಗೇ ಇರ್ತೀನಿ ಚಿಕ್ಕವ್ವ. ಆದ್ರೆ ನನ್ನ ಕೆಲಸಕ್ಕೆ ಎಷ್ಟೊತ್ತು ಬೇಕು ಅಂತ ಹೇಳೋ ಹಕ್ಕು ನಂಗಿರಲಿ" ಅಂತಾಳೆ. ಇದು ದೊಡ್ಡ ಆಸೆನಾ?

ಜೊತೇಲಿ ಓದಿದ ನಾಲ್ಕು ಜನ ಸೇರಿ ವಾಟ್ಸಾಪ್ ಗ್ರೂಪ್ ಮಾಡ್ಕೊಂಡವ್ರೆ. ಬರೀ ಗುಡ್ ಮಾರ್ನಿಂಗ್ ಕಳಿಸ್ತಿದ್ರು. ನಾನು ಪೇಟೆಯಿಂದ ಒಂದು ನೂರು ಪೇಜಿನ ನೋಟ್ ಬುಕ್ ತಂದು ಕೊಟ್ಟೆ. ಯಾರಿಗೆ ಎಷ್ಟು ಸಂಬಳ, ದಿನಕ್ಕೆ ಎಷ್ಟು ಜನ ರೋಗಿಗಳು, ಒಬ್ಬರಿಗೆ ಎಷ್ಟು ನಿಮಿಷ, ಇಷ್ಟನ್ನ ಬರೀರಿ, ಸಂಘ ಆಮೇಲೆ ತಾನಾಗೇ ಆಯ್ತದೆ ಅಂದೆ. ಎರಡು ಪುಟ ತುಂಬಿದೆ.

ಗಂಡಿನೋರ ಕಡೆಯಿಂದ ಇನ್ನೂ ಮಾತು ಬಂದಿಲ್ಲ. ಬಂದ್ರೆ ಬರಲಿ, ಬಿಟ್ರೆ ಬಿಡಲಿ. ಆದ್ರೆ ಇನ್ಮೇಲೆ ಯಾರಾದ್ರೂ ಕೇಳಿದ್ರೆ ಹೆಸರು ಪೂರ್ತಿ ಹೇಳ್ಬೇಕು ಅಂತ ನಮ್ಮಕ್ಕನಿಗೆ ಬಾಯಿಪಾಠ ಮಾಡಿಸ್ತಿದ್ದೀನಿ. ನಿನ್ನೆ "ಡೆಂಟಲ್ ಹೈಜಿನ್" ತನಕ ಬಂದಿದ್ದಾಳೆ. ನೀವೂ ಕಲ್ತ್ಕೊಳ್ರವ್ವ. ಹಂಗೇ, ವಸಡಲ್ಲಿ ರಕ್ತ ಬತ್ತಿದ್ರೆ ಮಜ್ಜಿಗೆ ಕುಡ್ಕೊಂಡು ಕೂರಬೇಡಿ, ಹೋಗಿ ತೋರಿಸ್ಕೊಳ್ಳಿ.