ಹೊಸ ದೋಣಿ ಬತ್ತಂಬ್ರ್

ಸೌಪರ್ಣಿಕಾ, ಚಕ್ರಾ, ವಾರಾಹಿ, ಕುಬ್ಜಾ, ಖೇಟಕಿ ಎಂಬ ಐದು ಹೊಳೆಗಳು ಕುಂದಾಪುರದ ಬದಿಯಲ್ಲಿ ಒಂದಾಗಿ, ಪಂಚಗಂಗಾವಳಿ ಎನಿಸಿಕೊಂಡು, ಗಂಗೊಳ್ಳಿ ಅಳಿವೆಯಲ್ಲಿ ಕಡಲಿಗೆ ಇಳಿಯುವ ಮುಂಚೆ ಅಲ್ಲಲ್ಲಿ ಬಿಟ್ಟುಹೋದ ಮಣ್ಣಿನ ಕುದ್ರುಗಳಲ್ಲಿ ಹುಟ್ಟಿದ ಮಕ್ಕಳು ನಾವು. ಶಾಲೆ, ಅಕ್ಕಿ ಗಿರಣಿ, ಸೂಜಿ ಚುಚ್ಚುವ ಡಾಕ್ಟ್ರು, ಶನಿವಾರದ ಕುಂದಾಪುರ ಸಂತೆ, ಮದುವೆ, ಬೊಜ್ಜ, ಎಲ್ಲವೂ ನೀರಿನಾಚೆ. ಉಡುಪಿ 1997ರಲ್ಲಿ ಬೇರೆ ಜಿಲ್ಲೆಯಾಗುವುದಕ್ಕೆ ಎಷ್ಟೋ ವರ್ಷ ಮುಂಚಿನ ಮಾತು. ಆಗ ಕುದ್ರುವಿನಲ್ಲಿ ಒಂದು ಮನೆಯ ಅನುಕೂಲ ಎಷ್ಟು ಎಂದು ತಿಳಿಯಬೇಕಾದರೆ ಅಂಗಳ ಕಾಣಬೇಕಿರಲಿಲ್ಲ, ಕಡವಿನಲ್ಲಿ ಕಟ್ಟಿದ ದೋಣಿ ಕಂಡರೆ ಸಾಕಿತ್ತು.

ನಮ್ಮ ಹಳೇ ದೋಣಿ ಮಾವಿನ ಮರದ್ದು. ಉಪ್ಪುನೀರಿನ ಹುಳ ಹೊಡೆದು ಅದರ ಅಡಿ ತೂತು ತೂತಾಗಿ, ಎಷ್ಟು ಕತ್ತ ತುರುಕಿದರೂ ಹೊಳೆ ಅರ್ಧ ದಾಟುವುದರೊಳಗೆ ಪಾದ ಮುಳುಗುವಷ್ಟು ನೀರು ಬರುತ್ತಿತ್ತು. ಅಡಿಕೆ ಹಾಳೆಯಲ್ಲಿ ಆ ನೀರು ಮೊಗೆದು ಚೆಲ್ಲುವುದು ನಮ್ಮ ಪಾಲಿನ ಕೆಲಸ. ಪುಸ್ತಕದ ಚೀಲ ಕುತ್ತಿಗೆಗೆ ಹಾಕಿ, ಲಂಗ ಚಡ್ಡಿ ಮೇಲೆತ್ತಿ, ಸರದಿಯಲ್ಲಿ ಮೊಗೆಯುತ್ತಾ ಮಗ್ಗಿ ಹೇಳುತ್ತಾ ಶಾಲೆ ಸೇರುವಷ್ಟರಲ್ಲಿ ಅಂಗೈಯೆಲ್ಲ ಹಾಳೆಯ ಒಗರು ವಾಸನೆ. ಆಚೆ ದಡದ ಮಕ್ಕಳು ನಮ್ಮ ದೋಣಿಗೆ ‘ಜಾಲರಿ’ ಎಂದು ಹೆಸರಿಟ್ಟಿದ್ದರು. ಅಕ್ಕಯ್ಯನಿಗೆ ಅದೊಂದು ಹೆಸರು ಕೇಳಿದರೆ ಕಣ್ಣಲ್ಲಿ ನೀರು.

ಒಂದು ಮಳೆಗಾಲ ಕಳೆದ ಮೇಲೆ, ತೆಂಗಿನಕಾಯಿ ಮಾರಿದ ದುಡ್ಡು ಕೈಗೆ ಬಂದ ದಿನ, ಅಜ್ಜಯ್ಯ ಚಾವಡಿಯಲ್ಲಿ ಕವಳ ಹಾಕುತ್ತಾ, ‘ಮಾವಿನ್ ಮರ ಬ್ಯಾಡ, ಈ ಸಲ ಹೆಬ್ಬಲ್ಸೇ ಆಯ್ಕ್’ ಎಂದರು. ಅಷ್ಟೇ ಮಾತು. ಅಡುಗೆಮನೆಯಲ್ಲಿ ಮೀನು ಕೊಯ್ಯುತ್ತಿದ್ದ ಚಿಕ್ಕಮ್ಮನಿಂದ ಹಟ್ಟಿಯಲ್ಲಿದ್ದ ಅಮ್ಮನಿಗೆ, ಅಮ್ಮನಿಂದ ನಮಗೆ, ನಮ್ಮಿಂದ ಸಂಜೆಯೊಳಗೆ ಇಡೀ ಕುದ್ರುವಿಗೆ ಸುದ್ದಿ ಮುಟ್ಟಿತು: ಹೊಸ ದೋಣಿ ಬತ್ತಂಬ್ರ್!

ಆಚಾರ್ರ ಕೊಟ್ಟಿಗೆ ಹೊಳೆ ದಂಡೆಯಲ್ಲೇ, ಸೋಗೆ ಮಾಡಿನ ಕೆಳಗೆ. ಶಾಲೆ ಬಿಟ್ಟ ಕೂಡಲೇ ನಮ್ಮ ಸವಾರಿ ಅಲ್ಲಿಗೆ. ದಿಮ್ಮಿಯ ಹೊಟ್ಟೆಯನ್ನು ಬಾಚಿಯಿಂದ ಕಡಿದು ಕಡಿದು ಹಳದಿ ಚಕ್ಕೆ ಹಾರಿಸುತ್ತಿದ್ದ ಆಚಾರ್ರು ನಡುನಡುವೆ ಬೆರಳ ಗೆಣ್ಣಿನಿಂದ ಮರವನ್ನು ಬಡಿದು, ಕಿವಿಗೊಟ್ಟು ಕೇಳಿ, ಅಲ್ಲಿ ಇನ್ನೊಂದಿಷ್ಟು ತೆಳ್ಳಗೆ ಮಾಡುತ್ತಿದ್ದರು. ದಪ್ಪವನ್ನು ಅವರು ಅಳೆಯುತ್ತಿದ್ದದ್ದು ಸದ್ದಿನಲ್ಲಿ. ಅವರು ಬೀಡಿ ಹಚ್ಚುವುದಕ್ಕೆ ಕೂತಾಗ ನಾವೂ ಗೆಣ್ಣು ನೋಯುವಷ್ಟು ಬಡಿದು ಕೇಳುತ್ತಿದ್ದೆವು, ನಮಗೆ ಎಲ್ಲ ಕಡೆಯೂ ಒಂದೇ ಸದ್ದು. ಬದಿಯ ಹಲಗೆ ಕೂಡಿಸಿ ಕತ್ತದ ಹುರಿಯಲ್ಲಿ ಬಿಗಿದು ಹೊಲಿದ ಮೇಲೆ ಬೈಗೆ ಮೀನಿನ ಎಣ್ಣೆ ಬಳಿಯುವ ಕೆಲಸಕ್ಕೆ ನಮ್ಮನ್ನೂ ಸೇರಿಸಿಕೊಂಡರು. ಆ ನಾತ! ಚಿಕ್ಕಮ್ಮ ನಮ್ಮನ್ನು ಬಾವಿಕಟ್ಟೆಯಲ್ಲಿ ನಿಲ್ಲಿಸಿ ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡದೆ, ಶಾಲೆಯಲ್ಲಿ ಬೆಂಚಿನವರೆಲ್ಲ ದೂರ ಸರಿದು ಕೂತರು. ನಮಗೆ ಅದೇ ಒಂದು ಗತ್ತು.

ಒಂದು ಬೆಳಿಗ್ಗೆ, ನೀರು ಏರುವ ಹೊತ್ತಿಗೆ ಸರಿಯಾಗಿ, ಅಪ್ಪಯ್ಯ ಮತ್ತು ಚಿಕ್ಕಪ್ಪಯ್ಯ ಅದನ್ನು ಹುಟ್ಟು ಹಾಕಿಕೊಂಡು ತಂದರು. ಅಮ್ಮಮ್ಮ ತುದಿಗೆ ಅರಶಿನ ಕುಂಕುಮ ಹಚ್ಚಿ, ದಾಸವಾಳ ಸಿಕ್ಕಿಸಿ, ಕಾಯಿ ಒಡೆದು ಅದರ ನೀರನ್ನು ಹೊಳೆಗೂ ದೋಣಿಗೂ ಸಮಪಾಲು ಎರೆದರು. ಬಾಳೆಲೆಯಲ್ಲಿ ಪಂಚಕಜ್ಜಾಯ ಹಂಚಿದ್ದಾಯಿತು. ಆಮೇಲೆ ಎದ್ದ ಗಲಾಟೆ ಮಾತ್ರ ದೊಡ್ಡದು: ಮುಂದಿನ ತುದಿಯಲ್ಲಿ ಮೊದಲು ಕೂರುವವರು ಯಾರು? ‘ದೋಣ್ಯಂಗೆ ನಿಲ್ಲುಕಾಗ, ಕೂಕಣಿ!’ ಎಂದು ಅಜ್ಜಯ್ಯ ದಡದಿಂದ ಕೂಗುತ್ತಲೇ ಇದ್ದರು. ನಾವೆಲ್ಲ ಒಟ್ಟಿಗೆ ಮುಂದಕ್ಕೆ ನುಗ್ಗಿ ದೋಣಿ ವಾಲಿ, ಮತ್ತೆ ಹೇಗೋ ನೆಟ್ಟಗಾಗಿ, ಕಾಂಡ್ಲದ ಬೇರುಗಳ ಬದಿ ಹಿಡಿದು ಒಂದು ಸುತ್ತು ಹೊಡೆಯಿತು. ಬಗ್ಗಿ ಬಗ್ಗಿ ಅಡಿ ಕಂಡೆವು. ಒಣಗಿದ್ದ ಅಡಿ! ಮೊಗೆಯುವುದಕ್ಕೆಂದು ತಂದಿದ್ದ ಹಾಳೆಯನ್ನು ತಮ್ಮ ಹೊಳೆಗೆ ಎಸೆದುಬಿಟ್ಟ.

ಆ ಮೇಲೆ ಆ ದೋಣಿ ಹೊರದ್ದು ಏನಿತ್ತು! ಗದ್ದೆಗೆ ಗೊಬ್ಬರ, ಗದ್ದೆಯಿಂದ ಹುಲ್ಲು, ಸಂತೆಗೆ ಬಸಳೆ ಕಟ್ಟು, ಸಂತೆಯಿಂದ ಬೆಲ್ಲದ ಡಬ್ಬ. ಮೂಗುದಾರ ಹಿಡಿದರೆ ಪಕ್ಕದಲ್ಲೇ ಉಸ್ಸೆನ್ನುತ್ತಾ ಈಜಿ ಬರುತ್ತಿದ್ದ ಉಳುವ ಕೋಣ. ಗೊರಬು ಹೊದ್ದು ಮಳೆಯಲ್ಲಿ ಮುದುಡಿ ಕೂತ ಬಸುರಿ ಅತ್ತೆ, ತಿಂಗಳು ಕಳೆದು ಮಗು ಎತ್ತಿಕೊಂಡು ಬಂದ ಅದೇ ಅತ್ತೆ. ಮಾರಣಕಟ್ಟೆ ಮೇಳದ ಆಟ ಎಲ್ಲಾದರೂ ಹತ್ತಿರದಲ್ಲಿದ್ದರೆ ಲಾಟೀನು ಇಟ್ಟುಕೊಂಡು ಹೊರಟ ದೋಣಿಗೆ ದಾರಿ ತೋರಿಸುತ್ತಿದ್ದದ್ದು ನೀರಿನ ಮೇಲೆ ತೇಲಿ ಬರುವ ಚಂಡೆಯೇ. ಹೊಸ್ತಿನ ದಿನ ಮಾವಿನೆಲೆ, ಹಲಸಿನೆಲೆ, ಬಿದಿರೆಲೆಯ ಜತೆ ಸುತ್ತಿದ ಕದಿರನ್ನು ತುಳಸಿಕಟ್ಟೆ, ಬಾಗಿಲು, ಕಣಜ, ನೊಗಕ್ಕೆ ಕಟ್ಟಿದ ಮೇಲೆ ಒಂದನ್ನು ತಪ್ಪದೆ ದೋಣಿಗೆ ಕಟ್ಟುತ್ತಿದ್ದರು. ಬೇಸಿಗೆಯಲ್ಲಿ ದಡಕ್ಕೆ ಎಳೆದು ಕವುಚಿ ಹಾಕಿ, ಅಡಿಗೆ ಒಣ ಮಡ್ಲಿನ ಹೊಗೆ ಕೊಟ್ಟು ಹುಳ ಓಡಿಸಿ, ಮತ್ತೆ ಎಣ್ಣೆ. ಆ ನೆರಳಿನಲ್ಲಿ ನಮ್ಮ ಅಡುಗೆ ಆಟ.

ಸೇತುವೆ ಆದ ದಿನ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ನಾವೇ. ರಾತ್ರಿ ಹೊತ್ತು ಜ್ವರ ಬಂದ ಮಗುವನ್ನು ಎತ್ತಿಕೊಂಡು ಕಡವಿನಲ್ಲಿ ‘ಹ್ವಾಯ್’ ಎಂದು ಕೂಗಿ ಕಾಯ್ದವರಿಗೆ ಸೇತುವೆ ಅಂದರೆ ಏನು ಎಂದು ಬೇರೆ ಹೇಳಬೇಕಿಲ್ಲ. ಹಾಲು ಡೈರಿಗೆ ಸೈಕಲ್ಲಿನಲ್ಲಿ ಹೋಯಿತು, ಆಮೇಲೆ ರಿಕ್ಷಾ ಅಂಗಳಕ್ಕೇ ಬಂತು. ಹೆಬ್ಬಲಸಿನ ದೋಣಿ ಕೆಲವು ವರ್ಷ ತೆಂಗಿನ ಬುಡದಲ್ಲಿ ಕವುಚಿ ಬಿದ್ದಿತ್ತು. ಹಟ್ಟಿಗೆ ಹಂಚು ಹೊದೆಸಿದ ವರ್ಷ ಯಾರೋ ಚಿಪ್ಪು ತೆಗೆಯುವವರು ಕೇಳಿದರೆಂದು ಅಪ್ಪಯ್ಯ ಕೊಟ್ಟುಬಿಟ್ಟರು. ಎಷ್ಟಕ್ಕೆ ಎಂದು ಅಮ್ಮ ಕೇಳಲಿಲ್ಲ. ಈಗಲೂ ನಾವು ಊರಿಗೆ ಹೋಗಿ ಕಾರು ಹತ್ತುವ ಹೊತ್ತಿಗೆ, ‘ನೀರ್ ಇಳುಕ್ ಮುಂಚೆ ಹೊರಡಿ ಮಕ್ಳೆ’ ಎಂಬ ಮಾತು ಅವರ ಬಾಯಿಂದ ತಾನಾಗಿ ಬರುತ್ತದೆ. ಮೊಮ್ಮಕ್ಕಳು ನಗಾಡುತ್ತಾರೆ, ಅಮ್ಮನೂ ನಗಾಡುತ್ತಾರೆ.

ಬೆಂಗಳೂರು, ಮುಂಬೈ, ದುಬೈ ಎಂದು ಚೆದುರಿಹೋದ ನಾವು ಯಾವುದಾದರೂ ಮದುವೆಯಲ್ಲಿ ಒಂದೇ ಪಂಕ್ತಿಯಲ್ಲಿ ಕೂತರೆ ಪಾಯಸ ಬರುವ ಮೊದಲೇ ಮಾತು ಅಲ್ಲಿಗೇ ಹೋಗುತ್ತದೆ. ಅವತ್ತು ತುದಿಯಲ್ಲಿ ಮೊದಲು ಕೂತವಳು ತಾನು ಎನ್ನುತ್ತಾಳೆ ಅಕ್ಕಯ್ಯ. ಅಲ್ಲ, ತಾನು ಎನ್ನುತ್ತಾನೆ ತಮ್ಮ, ತಲೆ ನರೆತರೂ. ಕಂಡವರು ಅಜ್ಜಯ್ಯ ಒಬ್ಬರೇ. ಅವರಿಲ್ಲ, ಹಾಗಾಗಿ ಈ ಜಗಳ ತೀರುವ ಹಾಗಿಲ್ಲ. ತೀರಲಿ ಎಂದು ನಮ್ಮಲ್ಲಿ ಯಾರಿಗೂ ಆಸೆಯೂ ಇಲ್ಲ.