ಅರಣ್ಯಕಾಂಡ ಓದುವ ಅಕ್ಕಂದಿರು

ಸಂಡೇ ಸ್ಕೂಲ್ ಅಂದರೆ ಚಿಕ್ಕ ಮಕ್ಕಳು, ಬಣ್ಣದ ಚಿತ್ರ, ಚಪ್ಪಾಳೆ ತಟ್ಟಿ ಹೇಳುವ ಹಾಡು. ರಾಯಚೂರಿನಲ್ಲಿ ನಾನು ಹೋಗಿ ಕೂತ ಸಂಡೇ ಸ್ಕೂಲಿನಲ್ಲಿ ಎಲ್ಲರಿಗಿಂತ ಚಿಕ್ಕ ವಿದ್ಯಾರ್ಥಿನಿಗೆ 28 ವರ್ಷ, ಎಲ್ಲರಿಗಿಂತ ದೊಡ್ಡವರಿಗೆ 70 ದಾಟಿದೆ. ಆರಾಧನೆ ಮುಗಿದು, ಜನ ಹೊರಗೆ ನಿಂತು ಮಾತಾಡಿ, ಬೈಕ್ ಸ್ಟಾರ್ಟ್ ಮಾಡಿ ಹೋದ ಮೇಲೆ ಚರ್ಚಿನ ಹಿಂದಿನ ಹಾಲ್‌ನಲ್ಲಿ ಪ್ಲಾಸ್ಟಿಕ್ ಕುರ್ಚಿಗಳನ್ನ ಗುಂಡಗೆ ಹಾಕ್ತಾರೆ. ಪುಲ್ಪಿಟ್ ಇಲ್ಲ, ಮೈಕ್ ಇಲ್ಲ. ಎಲ್ಲರ ಕೈಲೂ ಒಂದೊಂದು ಸತ್ಯವೇದ, ಮಧ್ಯದಲ್ಲಿ ಚಹಾದ ಫ್ಲಾಸ್ಕ್.

ಕ್ಲಾಸ್ ನಡೆಸೋದು ನನ್ನ ಇಂಜಿನಿಯರಿಂಗ್ ಗೆಳೆಯನ ತಾಯಿ, ನಿವೃತ್ತ ಹೈಸ್ಕೂಲ್ ಟೀಚರ್. ನಮ್ಮ ಮನೇಲಿ ಗುರುವಾರ ಮಂತ್ರಾಲಯ, ಅವರ ಮನೇಲಿ ಭಾನುವಾರ ಚರ್ಚು. ಹೀಗಾಗಿ ಈ ಕ್ಲಾಸಿನ ಬಗ್ಗೆ ಕೇಳಿದ್ದೆನೇ ಹೊರತು ನೋಡಿರಲಿಲ್ಲ. ಫೆಬ್ರವರಿಯಲ್ಲಿ ಊರಿಗೆ ಬಂದಾಗ ಟೀಚರ್ ಅವರೇ ಕರೆದರು: "ಬಾ, ಸುಮ್ಮನೆ ಕೂಡು. ನಿನ್ನೇನು ಕ್ರಿಶ್ಚಿಯನ್ ಮಾಡಂಗಿಲ್ಲ."

ದೊಡ್ಡವರ ಸಂಡೇ ಸ್ಕೂಲ್ ಹೊಸದೇನಲ್ಲ. 1780ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಶುರು ಮಾಡಿದ ಭಾನುವಾರದ ಶಾಲೆ ವಾರವೆಲ್ಲ ದುಡಿಯುವ ಮಕ್ಕಳಿಗೆ ಓದು ಕಲಿಸೋದಕ್ಕೆ. 1798ರಲ್ಲಿ ನಾಟಿಂಗ್‌ಹ್ಯಾಮ್‌ನಲ್ಲಿ ದೊಡ್ಡವರಿಗೂ ಅಂಥದ್ದೇ ಒಂದು ಶಾಲೆ ಶುರುವಾಯ್ತು. ಅಂದರೆ ಮೊದಲ ಪಾಠ ಅಕ್ಷರ. ನಮ್ಮ ರಾಯಚೂರಿಗೆ ಇದು ಹಳೇ ಕಥೆ ಅನ್ನಿಸೋದೇ ಇಲ್ಲ. 2011ರ ಜನಗಣತಿಯ ಪ್ರಕಾರ ಜಿಲ್ಲೆಯ ಸಾಕ್ಷರತೆ ಶೇ 60ಕ್ಕೂ ತುಸು ಕಡಿಮೆ, ಹೆಣ್ಣುಮಕ್ಕಳಲ್ಲಿ ಅರ್ಧಕ್ಕೂ ಕಡಿಮೆ. 1948ರವರೆಗೆ ಇದು ನಿಜಾಮರ ಸೀಮೆ, ಸರ್ಕಾರದ ಭಾಷೆ ಉರ್ದು. ಪಕ್ಕದ ಬಳ್ಳಾರಿ ಬ್ರಿಟಿಷರ ಕೈಲಿತ್ತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಬೈಬಲನ್ನ ಕನ್ನಡಕ್ಕೆ ತರೋದಕ್ಕೆ ಕೂತ. ಕ್ಲಾಸಿನ ಹಿರಿಯಮ್ಮ ಒಬ್ಬರು ಕನ್ನಡ ಓದೋದು ಕಲಿತದ್ದೇ ಸತ್ಯವೇದ ಹಿಡಿದು. ದಿನಪತ್ರಿಕೆ ಓದುವಾಗ ತಡವರಿಸ್ತಾರೆ, 'ಅರಣ್ಯಕಾಂಡ' ಮಾತ್ರ ಸರಾಗ.

ಹೌದು, ಅರಣ್ಯಕಾಂಡ. ಕನ್ನಡ ಬೈಬಲ್‌ನ ಮೊದಲ ಐದು ಪುಸ್ತಕಗಳ ಹೆಸರು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ರಾಮಾಯಣ ಕೇಳಿದ ಕಿವಿಗೆ ಪರಕೀಯ ಅನ್ನಿಸೋದೇ ಇಲ್ಲ. ಆ ದಿನದ ಪಾಠ ಅರಣ್ಯಕಾಂಡದ 27ನೇ ಅಧ್ಯಾಯ. ಚಲ್ಪಹಾದ ಅನ್ನುವವನಿಗೆ ಗಂಡುಮಕ್ಕಳಿಲ್ಲ, ಐದು ಹೆಣ್ಣುಮಕ್ಕಳು. ಅಪ್ಪ ಸತ್ತ ಮೇಲೆ ಐವರೂ ಮೋಶೆಯ ಎದುರಿಗೆ, ಇಡೀ ಸಮೂಹದ ಎದುರಿಗೆ ನಿಂತು ಅಪ್ಪನ ಪಾಲಿನ ನೆಲ ತಮಗೆ ಕೊಡಿ ಅಂತ ಕೇಳ್ತಾರೆ. ದೇವರು ಅವರು ಕೇಳೋದು ನ್ಯಾಯ ಅಂತಾನೆ. ಆದರೆ 36ನೇ ಅಧ್ಯಾಯಕ್ಕೆ ಬರೋ ಹೊತ್ತಿಗೆ ಕುಲದ ಹಿರಿಯರು ತಕರಾರು ತಂದು, ಆ ಹುಡುಗಿಯರು ತಮ್ಮ ಕುಲದೊಳಗೇ ಮದುವೆ ಆಗಬೇಕು ಅನ್ನುವ ಷರತ್ತು ಹಾಕಿಸ್ತಾರೆ.

"ಕೊಟ್ಟಂಗ ಮಾಡಿ ಹಗ್ಗ ತಮ್ಮ ಕೈಯಾಗ ಇಟ್ಕೊಂಡ್ರು" ಅಂದರು ಒಬ್ಬ ಅಂಗನವಾಡಿ ಕಾರ್ಯಕರ್ತೆ.

"ಬೈಬಲ್ ಹಂಗ ಹೇಳ್ತಂದ್ರ ಅದಕ್ಕೊಂದು ಕಾರಣ ಇರ್ತದ" ಅಂದರು ಒಬ್ಬ ಹಿರಿಯರು.

"ಕಾರಣ ಇತ್ತು. ಯಾರ ಕಾರಣ ಅಂತ ಕೇಳಬಾರದೇನ್ರೀ?" ಅಂದರು ಟೀಚರ್. ಅಷ್ಟೇ. ಉತ್ತರ ಹೇಳಲಿಲ್ಲ. ಆಫೀಸಿನ ಎಷ್ಟೋ ಮೀಟಿಂಗ್‌ಗಳಲ್ಲಿ ಇಷ್ಟು ಚೆನ್ನಾಗಿ ಸುಮ್ಮನಿರುವ ಮ್ಯಾನೇಜರನ್ನ ನಾನು ಕಂಡಿಲ್ಲ.

ಆಮೇಲೆ ಗೊತ್ತಾಯ್ತು ಈ ಅಧ್ಯಾಯ ಸುಮ್ಮನೆ ಆರಿಸಿದ್ದಲ್ಲ ಅಂತ. ಕ್ಲಾಸಿನಲ್ಲಿದ್ದ ಅಕ್ಕ ಒಬ್ಬರ ತಂದೆ ಹಿಂದಿನ ವರ್ಷ ತೀರಿಕೊಂಡಿದ್ದರು. ದೇವದುರ್ಗದ ಕಡೆ ನಾಲ್ಕು ಎಕರೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು, ಪಹಣಿ ನಮ್ಮ ಹೆಸರಿಗೆ ಮಾಡಿಸ್ಕೋತೀವಿ ಅಂತ ತಮ್ಮಂದಿರು ಮೂರು ಸಲ ಬಂದು ಹೋಗಿದ್ದರು. ಸಹಿ ಹಾಕದಿದ್ದರೆ ತವರು ಕಡಿದುಹೋಗ್ತದೆ ಅನ್ನೋ ಭಯ ಅಕ್ಕನಿಗೆ. ಟೀಚರ್ ಚೀಲದಿಂದ ಒಂದು ಜೆರಾಕ್ಸ್ ತೆಗೆದರು. ಅದು ಬೈಬಲ್ ಅಲ್ಲ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಬರೆಯದೆ ಸತ್ತ ಕ್ರೈಸ್ತನ ಆಸ್ತಿಯಲ್ಲಿ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಗಂಡು-ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮ ಪಾಲು. ಕೇರಳದಲ್ಲಿ ಈ ಹಕ್ಕಿಗಾಗಿ ಮೇರಿ ರಾಯ್ ಸುಪ್ರೀಂ ಕೋರ್ಟಿನವರೆಗೆ ಹೋಗಿ 1986ರಲ್ಲಿ ಗೆದ್ದದ್ದನ್ನೂ ಹೇಳಿದರು.

ಅಷ್ಟರಲ್ಲಿ ಅಕ್ಕ ಮೆಲ್ಲಗೆ ಕೇಳಿದರು: "ಟೀಚರ್, ಕಾಗದದಾಗ ನಮ್ಮಪ್ಪ ಹಿಂದೂ ಅಂತ ಅದ."

ಇಲ್ಲಿ ಇಡೀ ಹಾಲ್ ಸುಮ್ಮನಾಯ್ತು. ಈ ಸೀಮೆಯ ಸಭೆಗಳಲ್ಲಿ ದಲಿತ ಕುಟುಂಬಗಳು ಬಹಳ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನ ಹಿಂದೂಗಳಿಗಷ್ಟೇ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರು, ಮುಸ್ಲಿಮರು ಇವತ್ತಿಗೂ ಹೊರಗೆ. ಈ ಪ್ರಶ್ನೆ ನೋಡೋಕೆ ಕೇಂದ್ರ ಸರ್ಕಾರ 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಿಸಿತು. ಹೀಗಾಗಿ ಕೆಲವು ಮನೆಗಳಲ್ಲಿ ಭಾನುವಾರಕ್ಕೊಂದು ಹೆಸರು, ಸರ್ಟಿಫಿಕೇಟಿಗೊಂದು ಹೆಸರು. ಬೀಗದ ಎರಡೂ ಕೀಲಿ ಬೇರೆಯವರ ಕೈಲಿರೋವಾಗ ಅವರನ್ನ ಸುಳ್ಳರು ಅನ್ನೋದು ನನಗಂತೂ ಆಗಲ್ಲ. ಟೀಚರ್ ಗದರಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಹಿಂದೂ ಕಾಯ್ದೆಯಾಗೂ ಮಗಳಿಗೆ ಸಮ ಪಾಲು ಅದ. ಯಾವ ಬಾಗಿಲಿಂದ ಹೋದರೂ ನಿನ್ನ ಪಾಲು ನಿಂದು. ಬೇಕೋ ಬ್ಯಾಡೋ ನೀನು ಹೇಳು, ತಮ್ಮಂದಿರು ಹೇಳೋದಲ್ಲ. ಸಹಿಗಿಂತ ಮೊದಲು ಒಬ್ಬ ವಕೀಲರಿಗೆ ತೋರಿಸು" ಅಂದರು.

ಮಧ್ಯಾಹ್ನ ಊಟ ಆದ ಮೇಲೆ ಟೀಚರ್ ಜೊತೆ ಮಾನ್ವಿ ಬಸ್ ಹತ್ತಿದೆ. ತಿಂಗಳಿಗೊಮ್ಮೆ ಅವರು ಅಲ್ಲಿಗೂ ದೇವದುರ್ಗಕ್ಕೂ ಹೋಗ್ತಾರೆ. ಕೃಷ್ಣಾ, ತುಂಗಭದ್ರೆಯರ ನಡುವಿನ ಈ ನೆಲಕ್ಕೆ ಹಳೆಯ ಹೆಸರು ಎಡೆದೊರೆ. ಎರಡು ಹೊಳೆ ಇದ್ದೂ ನೀರಿಗೆ ಬಡಿದಾಟ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕೊನೇ ಭಾಗದ ಮಾನ್ವಿಗೆ ಮುಟ್ಟುತ್ತೋ ಇಲ್ವೋ ಅನ್ನೋದೇ ಪ್ರತಿ ವರ್ಷದ ಸುದ್ದಿ. ಮಾನ್ವಿ ಅಂದ ತಕ್ಷಣ ನಮ್ಮಜ್ಜಿಗೆ ನೆನಪಾಗೋದು ಜಗನ್ನಾಥದಾಸರು. ಅವರ 'ಹರಿಕಥಾಮೃತಸಾರ'ದ ಪಾಠ ವಾರವಾರ ಹೇಳಿಸಿಕೊಳ್ಳುವ ಮನೆಗಳು ಈ ಕಡೆ ಈಗಲೂ ಇವೆ. ದೊಡ್ಡವರು ಪುಸ್ತಕ ಹಿಡಿದು ಕೂತು ಅರ್ಥ ಕೇಳೋದು ಇಲ್ಲಿನ ನೆಲಕ್ಕೆ ಗೊತ್ತಿರುವ ಕೆಲಸ. ಮಾನ್ವಿಯ ಕ್ಲಾಸ್ ಒಬ್ಬರ ಮನೆ ಪಡಸಾಲೆಯಲ್ಲಿ, ಆರೇ ಜನ. ಅರ್ಧ ತಾಸು ಓದು, ಅರ್ಧ ತಾಸು ಕಾಲುವೆ ಮಾತು, ಒಗ್ಗರಣಿ-ಮಿರ್ಚಿ. ಅಲ್ಲಿ ಮಿರ್ಚಿ ಚೆನ್ನಾಗಿತ್ತು ಅಂತಷ್ಟೇ ಹೇಳಬಲ್ಲೆ.

ದೇವದುರ್ಗದ ಕ್ಲಾಸ್ ನಡೆದದ್ದು ಮರುದಿನ ಸಂಜೆ, ಬೇವಿನ ಮರದ ಕೆಳಗೆ. ಭಾನುವಾರದ ಶಾಲೆ ಸೋಮವಾರ ಯಾಕೆ ಅಂದರೆ ಕೂಲಿಗೆ ರಜೆ ಯಾವತ್ತು ಸಿಗ್ತದೋ ಅವತ್ತೇ ಭಾನುವಾರ. ಅಲ್ಲಿ ರೂತಳ ಕಥೆ. ಬರ ಬಿದ್ದು ಬೇತ್ಲೆಹೇಮಿನ ಒಂದು ಸಂಸಾರ ಮೋವಾಬ್ ದೇಶಕ್ಕೆ ಹೋಗ್ತದೆ. ಬೇತ್ಲೆಹೇಮ್ ಅಂದರೆ ಹೀಬ್ರೂ ಭಾಷೆಯಲ್ಲಿ ರೊಟ್ಟಿಯ ಮನೆ ಅಂತ ಟೀಚರ್ ಹೇಳಿದ್ದೇ ತಡ, "ರೊಟ್ಟಿ ಮನಿಯಾಗ ರೊಟ್ಟಿ ಇಲ್ಲ ಅಂತ ಗುಳೆ ಹೋದ್ರು ಅನ್ರಿ" ಅಂದರು ಒಬ್ಬ ಅಜ್ಜಿ. ನಕ್ಕರು ಎಲ್ಲರೂ. ಹಾಜರಿ ಪುಸ್ತಕ ನೋಡಿದರೆ 31 ಹೆಸರು, ಕೂತವರು 11. ಉಳಿದ ಹೆಸರುಗಳ ಮುಂದೆ ಗೈರು ಅಂತ ಬರೆದಿಲ್ಲ. 'ಬೆಂಗಳೂರು', 'ಬೆಂಗಳೂರು', 'ಪುಣೆ', 'ಬೆಂಗಳೂರು' ಅಂತಿದೆ. ಅವರಿಗೆ ಪಾಠ ವಾಟ್ಸ್ಆ್ಯಪ್ ವಾಯ್ಸ್ ಮೆಸೇಜ್‌ನಲ್ಲಿ ಹೋಗ್ತದೆ. ಒಬ್ಬಾಕೆಯ ಸೈಟ್ ಎಲ್ಲಿ ಅಂತ ಕೇಳಿದೆ. ನಮ್ಮ ಆಫೀಸಿನ ಹಿಂದಿನ ರಸ್ತೆ.

ಹೆಂಡತಿ, ಸೊಸೆ ಇಬ್ಬರೂ ವಿಧವೆಯರಾಗಿ ಬರಿಗೈಲಿ ವಾಪಸ್ ಬಂದಾಗ ರೂತಳು ಬೋವಜನ ಹೊಲದಲ್ಲಿ ಕೊಯ್ಲಿನವರ ಹಿಂದೆ ಹಕ್ಕಲು ಆಯ್ತಾಳೆ. 'ಹಕ್ಕಲು' ಅನ್ನೋ ಪದ ನನಗೆ ನಿಘಂಟಿನ ಪದ. ಅಲ್ಲಿದ್ದವರಿಗೆ ಕೈಗೆ ಗೊತ್ತಿರುವ ಪದ. ಕೊಯ್ದಾದ ಮೇಲೆ ಬಿದ್ದ ತೆನೆ, ಬಿಡಿಸಿ ಆದ ಮೇಲೆ ಗಿಡದಲ್ಲಿ ಉಳಿದ ಹತ್ತಿ. ಹೊಲದ ಅಂಚು ಪೂರ್ತಿ ಕೊಯ್ಯಬೇಡಿ, ಬಡವರಿಗೆ, ಪರದೇಶಿಗಳಿಗೆ ಬಿಡಿ ಅಂತ ಯಾಜಕಕಾಂಡದ 19ನೇ ಅಧ್ಯಾಯದಲ್ಲಿ ಕಟ್ಟಳೆ ಇದೆ. ಬೋವಜ ಆಳುಗಳಿಗೆ ಬೇಕಂತಲೇ ತೆನೆ ಬೀಳಿಸಿ ಅಂತಾನೆ. ಸಾಮಾನ್ಯವಾಗಿ ಇಲ್ಲಿ ಬೋವಜನನ್ನ ಹೊಗಳಿ ಪ್ರಾರ್ಥನೆ ಮಾಡಿ ಮುಗಿಸ್ತಾರಂತೆ.

"ಬೋವಜ ಒಳ್ಳೆಯವನಾ?" ಟೀಚರ್ ಕೇಳಿದರು.

"ಒಳ್ಳೆಯವನs ರೀ" ಅಂದರು ಇಬ್ಬರು ಮೂವರು.

ಅಜ್ಜಿ ಎಲೆ-ಅಡಿಕೆ ಮಡಚುತ್ತಿದ್ದವರು ತಲೆ ಎತ್ತಿದರು. "ಒಳ್ಳೆಯವನಾದ್ರ ತೆನಿ ಯಾಕ ಬೀಳಿಸಬೇಕಿತ್ತು? ಆಕಿನ್ನ ಕೂಲಿಗೆ ಹಚ್ಚಿ ಪೂರಾ ಕೂಲಿ ಕೊಡಬೇಕಿತ್ತು."

ಟೀಚರ್ ಅದನ್ನ ಹಾಗೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬೆಂಗಳೂರಿನ ಗ್ರೂಪಿಗೆ ಕಳಿಸಿದರು. ನಾವು ಬಸ್ ಸ್ಟ್ಯಾಂಡಿಗೆ ಬರೋ ಹೊತ್ತಿಗೆ ನಾಲ್ಕು ಉತ್ತರ ಬಂದಿದ್ದವು, ಎಲ್ಲವೂ ಕಾಂಕ್ರೀಟ್ ಮಿಕ್ಸರ್ ಸದ್ದಿನ ನಡುವೆ. ಐದನೆಯದು ರಾಯಚೂರಿನ ಅಕ್ಕನದು, ಬೇರೆ ವಿಷಯದ್ದು: ಬುಧವಾರ ವಕೀಲರ ಹತ್ತಿರ ಹೋಗ್ತೀನಿ, ಜೊತೆಗೆ ಯಾರಾದ್ರೂ ಬರ್ತೀರಾ ಅಂತ. "ನಾನು ಬರ್ತೀನಿ ಅಂತ ಹಾಕು ತಮ್ಮಾ, ಕತ್ತಲಿದೆ, ನನಗೆ ಟೈಪ್ ಕಾಣಂಗಿಲ್ಲ" ಅಂದರು ಟೀಚರ್. ಹಾಕಿದೆ.